ಬರಲಿರುವ ಭಯಂಕರ ಶೋಗಳು

"ಈ ಶೋ ಮಾಡಿದ ಮಹಾನುಭಾವ ಯಾರು?"

ಟಿವಿ ಚಾನೆಲ್ಲಿನ ಎಡಿಟಿಂಗ್ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಎಡಿಟರ್ ಬೆಚ್ಚಿಬಿದ್ದ. ಬಾಗಿಲಲ್ಲಿ ಅವಳು ಏದುಸಿರು ಬಿಡುತ್ತಾ ನಿಂತಿದ್ದಳು. ಕೈಯಲ್ಲಿ ಸುತ್ತಿದ ವಾರಪತ್ರಿಕೆ... ಹೊಡೆಯಲೆಂದೇ ಹಿಡಿದಂತಿತ್ತು!

ಆ ಪತ್ರಿಕೆಯಲ್ಲಿ ಅವಳದೊಂದು ಹಾಸ್ಯ ಅಂಕಣ. ಮುಂದೆ ಟಿವಿಯಲ್ಲಿ ಎಂತೆಂಥ ಭಯಂಕರ ರಿಯಾಲಿಟಿ ಶೋ ಬರಬಹುದೆಂದು ವಾರವಾರ ಭವಿಷ್ಯ ನುಡಿಯುತ್ತಿದ್ದಳು. 'ಗೊರಕೆ ಸಾಮ್ರಾಟ', 'ಅತ್ತೆ ಅದಲು ಬದಲು', ಆಮೇಲೆ 'ಮನೆಗೊಬ್ಬರು ಬೇಡ'. ಈ ಕೊನೆಯದರಲ್ಲಿ ಮನೆಯವರೇ ವೋಟು ಹಾಕಿ ಒಬ್ಬರನ್ನು ಹೊರಗೆ ಕಳಿಸಬೇಕು. ಬರೀ ತಮಾಷೆ!

ನಿನ್ನೆ ಸಂಜೆ ಟಿವಿ ಹಾಕಿದರೆ, ಯಾವುದೋ ಮನೆಯ ಸೋದರಮಾವ ನಿಜವಾಗಿಯೂ ಸೂಟ್‌ಕೇಸ್ ಹಿಡಿದು ಅಳುತ್ತಾ ಹೊರಡುತ್ತಿದ್ದ.

"ನಾನು ಜೋಕ್ ಬರೆದಿದ್ದು ಕಣ್ರೀ!"

"ಗೊತ್ತು," ಎಂದ ಎಡಿಟರ್ ಮೆಲ್ಲಗೆ. "ನಮ್ಮ ಬಾಸ್‌ಗೆ ಓದಿ ತೋರಿಸ್ದೆ. ನಗ್ತಾರೇನೋ ಅನ್ಕೊಂಡೆ. ಅವರು ನಗ್ಲೇ ಇಲ್ಲ. ಸೋಮವಾರ ಶೂಟಿಂಗ್ ಅಂದ್ಬಿಟ್ರು."

ಬೈಯಲು ಬಾಯಿ ತೆರೆದವಳು... ನಕ್ಕುಬಿಟ್ಟಳು! ಅವನೂ ನಕ್ಕ. ಆ ನಗು ಕ್ಯಾಂಟೀನಿನವರೆಗೂ, ಮುಂದೆ ದಿನವೂ ಮಾತಾಡುವ ಫೋನಿನವರೆಗೂ ಹೋಯಿತು.

ಒಂದು ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಅವಳೆಂದಳು: "ಇನ್ನೊಂದು ಶೋ ಬರುತ್ತೆ ನೋಡ್ತಿರಿ. 'ಯಾಕೆ ಬಿಟ್ಟೋದೆ?' ಅಂತ. ಮದುವೆ ದಿನ ಓಡಿಹೋದ ಹುಡುಗನ್ನ ಹಿಡ್ಕೊಂಡು ಬಂದು, ಹುಡುಗಿ ಎದುರಿಗೆ ಕೂರಿಸ್ತಾರೆ. ಇದನ್ನ ಮಾತ್ರ ನಾನು ಬರೆಯಲ್ಲ."

"ಯಾಕೆ?"

"ಯಾಕಂದ್ರೆ... ಆ ಹುಡುಗಿ ನಾನೇ."

ಆ ಕಡೆಯಿಂದ ಅವನು "ನಾನಿದೀನಿ" ಎಂದಷ್ಟೇ ಹೇಳಿದ. ಅವಳ ಕಣ್ಣು ತುಂಬಿ ಬಂತು. ಅಯ್ಯೋ, ಇವನ ಮೇಲೆ ನನಗೆ ಮನಸ್ಸಾಗಿಬಿಟ್ಟಿದೆಯಲ್ಲ!

ತಿಂಗಳು ಕಳೆಯುವುದರೊಳಗೆ ಟಿವಿಯಲ್ಲಿ ಜಾಹೀರಾತು ಬಂತು. "ಶೀಘ್ರದಲ್ಲೇ... ಯಾಕೆ ಬಿಟ್ಟೋದೆ?"

ಅವಳ ಕೈಯಲ್ಲಿದ್ದ ಲೋಟ ಜಾರಿ ಬಿತ್ತು. ಅದೇ ಹೆಸರು! ಇಡೀ ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಹೇಳಿದ್ದ ಹೆಸರು!

"ನನ್ನ ನೋವನ್ನೇ ಮಾರ್ಕೊಂಡ್ರಲ್ಲ!" ಫೋನಿನಲ್ಲಿ ಕಿರುಚಿದಳು.

"ಇಲ್ಲ ಕಣ್ರೀ, ನಾನು ಯಾರಿಗೂ..."

"ಸಾಕು! ಇನ್ನು ನನ್ನ ಕಣ್ಣಿಗೆ ಕಾಣಿಸ್ಕೋಬೇಡಿ!"

ಅವನು ಮತ್ತೆ ಮತ್ತೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಅಂಕಣವನ್ನೂ ನಿಲ್ಲಿಸಿದಳು.

ಒಂದು ಬೆಳಗ್ಗೆ ಅಮ್ಮ ಮಡಿಸಿದ ಹೊಸ ಸೀರೆಯೊಂದನ್ನು ಮಂಚದ ಮೇಲಿಟ್ಟರು.

"ಭಾನುವಾರ ಇದನ್ನ ಉಟ್ಕೋ. ಚಾನೆಲ್‌ನೋರು ಕಾರು ಕಳಿಸ್ತಾರಂತೆ."

"ಯಾವ ಚಾನೆಲ್ಲಮ್ಮ?"

"ನೀನೇ ಅವತ್ತು ಫೋನಲ್ಲಿ ಹೇಳ್ತಿದ್ಯಲ್ಲ, ಆ ಶೋ. ನೀನು ಹೇಳಿದ್ದೆಲ್ಲ ಬರ್ತಾನೇ ಇದೆಯಲ್ಲ, ಇದೂ ಬರುತ್ತೆ ಅನ್ಕೊಂಡೆ. ಯಾವಾಗ ಶುರು, ನನ್ನ ಮಗಳನ್ನ ಕರ್ಕೊಂಡು ಬರ್ತೀನಿ ಅಂತ ಚಾನೆಲ್‌ಗೆ ಫೋನ್ ಮಾಡ್ದೆ. ಅವರ ಬಾಸು 'ಅದ್ಯಾವ ಶೋ ಅಮ್ಮಾ, ಬಿಡಿಸಿ ಹೇಳಿ' ಅಂದ್ರು. ಪೂರ್ತಿ ಹೇಳ್ದೆ."

ಹಾಗಾದರೆ ಹೇಳಿದ್ದು ಅವನಲ್ಲ, ಅಮ್ಮ!

"ಅಮ್ಮಾ... ಏನು ಮಾಡಿಬಿಟ್ಟೆ!"

"ಇನ್ನೇನು ಮಾಡ್ಲಿ?" ಅಮ್ಮ ಸೀರೆಯ ಮಡಿಕೆ ಸರಿಮಾಡಿದರು. "ನನ್ನ ಮಗಳಲ್ಲಿ ಏನು ಕಮ್ಮಿ ಇತ್ತು ಅಂತ ಆ ಓಡಿಹೋದವನ ಬಾಯಿಂದ ಕೇಳ್ಬೇಕಿತ್ತು. ನೀನು ನಗಿಸ್ತಾ ಓಡಾಡ್ತೀಯ. ಗೋಡೆ ಕಡೆ ತಿರುಗಿ ಅಳೋದು ನನಗೆ ಗೊತ್ತಿಲ್ವಾ?"

ಅವಳು ಅಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು. "ಅವನು ಬರೋದು ಬೇಡಮ್ಮ. ನಾವೂ ಹೋಗೋದು ಬೇಡ."

ಆಮೇಲೆ ಚಪ್ಪಲಿ ಮೆಟ್ಟಿ ಚಾನೆಲ್‌ಗೆ ಓಡಿದಳು. ಭಾನುವಾರ ಕಾರು ಕಳಿಸಬೇಡಿ ಎಂದು ಕೌಂಟರಿನಲ್ಲಿ ಹೇಳಿ, ಎಡಿಟರ್ ಎಲ್ಲಿ ಎಂದಳು.

ಅಲ್ಲಿದ್ದವರು ತಲೆ ಅಲ್ಲಾಡಿಸಿದರು. "ಕೆಲಸ ಬಿಟ್ರು. ಆ ಹೊಸ ಶೋ ಜಾಹೀರಾತು ಬಂದ ದಿನವೇ. ಬಾಸ್ ಜೊತೆ ದೊಡ್ಡ ಜಗಳ!"

ಅವನು ಸಿಕ್ಕಿದ್ದು ಒಂದು ಸಣ್ಣ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಯಾರದೋ ಮಗುವಿನ ಹುಟ್ಟುಹಬ್ಬದ ವೀಡಿಯೋ ಕತ್ತರಿಸುತ್ತಾ. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು.

"ಹೇಳಿದ್ದು ನಮ್ಮಮ್ಮ," ಎಂದಳು ಹೊಸ್ತಿಲಲ್ಲೇ ನಿಂತು. "ನಿಮ್ಮ ಮಾತನ್ನ ಕೇಳಬೇಕಿತ್ತು, ಕೇಳಲಿಲ್ಲ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ."

ಅವನು ಪರದೆ ಆರಿಸಿ ಎದ್ದು ಬಂದ.

"ಕೆಲಸ ಯಾಕೆ ಬಿಟ್ರಿ?"

"ಆ ಶೋನಲ್ಲಿ ನೀವು ಎಲ್ಲಿ ಅಳ್ತೀರೋ ಅಲ್ಲಿ ಸಂಗೀತ ಹಾಕು ಅಂದ್ರು ಬಾಸು. ನೀವು ಅಳೋದನ್ನ ನೋಡೋಕೇ ನನ್ನ ಕೈಲಾಗಲ್ಲ. ಹೇಗೆ ಎಡಿಟ್ ಮಾಡ್ಲಿ? ನಿಮ್ಮನ್ನ ಅಷ್ಟು ಇಷ್ಟಪಡ್ತೀನಿ."

ಇಷ್ಟು ದಿನ ಏನೇನೋ ಭವಿಷ್ಯ ನುಡಿದವಳಿಗೆ ಇದೊಂದು ತೋಚಿರಲಿಲ್ಲ!

"ನಿಮ್ಮ ಕೈ ನಡುಗ್ತಿದೆ," ಎಂದ.

"ಹಿಡ್ಕೊಂಡ್ರೆ ನಿಲ್ಲುತ್ತೆ."

ಹಿಡಿದುಕೊಂಡ.

"ನಿಲ್ತಾ?"

"ಇಲ್ಲ... ಬಿಡಬೇಡಿ."