ಕೆಂಪು ಮೋಟಾರಿಗೆ ಒಂದು ಗೆಜ್ಜೆಸರ

1951ರ ಸೆಪ್ಟೆಂಬರ್ 18, ಮಂಗಳವಾರ. ಬೆಳಿಗ್ಗೆ ಎಂಟು ಗಂಟೆಗೆ ಬೀದರ ಪೊಲೀಸ್ ಠಾಣೆಗೆ ಬಂದ ದೂರು ಗೇಟಿನ ಹೊರಗೇ ನಿಂತಿತು. ದೂರು ತಂದವರು ಪರದೆ ಕಟ್ಟಿದ ಟಾಂಗಾದಿಂದ ಇಳಿಯಲಿಲ್ಲ. ಇನ್ಸ್‌ಪೆಕ್ಟರ್ ವೈಜಿನಾಥ ತಾವೇ ಎದ್ದು ಹೋದರು. ಕಾನ್‌ಸ್ಟೆಬಲ್ ಮುಜೀಬೋದ್ದೀನ ಟಾಂಗಾದ ಮೆಟ್ಟಿಲ ಮೇಲೆ ಕಾಲಿಟ್ಟು, ತೊಡೆಯ ಮೇಲೆ ಕಾಗದ ಹರಡಿ ಎಫ್‌ಐಆರ್ ಬರೆದುಕೊಂಡ.

ದೂರುದಾರರು ಶಾಕಿರಾ ಬೇಗಂ, ತೀರಿಕೊಂಡ ಜಾಗೀರದಾರರೊಬ್ಬರ ಹೆಂಡತಿ. ಕಳುವಾದದ್ದು ವಿಲಾಯತಿನಿಂದ ಹಡಗಿನಲ್ಲಿ ಬಂದ, ಓಟದ ಪಂದ್ಯಕ್ಕೆಂದೇ ಮಾಡಿದ ಕೆಂಪು ಮೋಟಾರು. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ. ಮೂರು ವರ್ಷದ ಹಿಂದೆ, ಹೈದರಾಬಾದ್ ಪೊಲೀಸ್ ಆಕ್ಷನ್ನಿನ ದಿನಗಳಲ್ಲಿ ಜೋಳದ ಕಣಿಕೆಯ ಬಣವೆಯೊಳಗೆ ಅಡಗಿಸಿ ಉಳಿಸಿಕೊಂಡ ಗಾಡಿ ಅದು.

“ಯಾರ ಮ್ಯಾಲರೆ ಅನುಮಾನ ಅದೇನ್ರಿ?” ವೈಜಿನಾಥ ಕೇಳಿದರು.

“ಯಾರ ಮ್ಯಾಲೂ ಇಲ್ಲ, ಅಮೀನ ಸಾಹೇಬ.” ನಿಜಾಮರ ಕಾಲದ ರೂಢಿಯಂತೆ ಬೇಗಂ ಇನ್ಸ್‌ಪೆಕ್ಟರನ್ನು ಅಮೀನ ಎಂದೇ ಕರೆದರು.

“ಡ್ರೈವರ್ ಎಲ್ಲಿದ್ದಾನ?”

“ಕರೀಮ ಸಾಬನೂ ಕಾಣವಲ್ಲ.”

“ಅಂದ್ರ ಅನುಮಾನ ಅದ.”

“ಇಲ್ಲ. ಅವ ನಮ್ಮ ಮನಿ ಮನಿಷ್ಯಾ. ನಿಮ್ಮ ಕಾಗದದಾಗ ಅವನ ಹೆಸರು ಕಳ್ಳ ಅಂತ ಬರೀಬ್ಯಾಡ್ರಿ.”

“ಅಮ್ಮೀ, ಶುಕ್ರವಾರದ ಮಾತು ಹೇಳ್ರಿ,” ಎಂದಿತು ಇನ್ನೊಂದು ದನಿ. ಅದು ಮಗಳು ಸುಗರಾ.

ಶುಕ್ರವಾರ ಸುಗರಾ ಹೈದರಾಬಾದಿನ ಡಾಕ್ಟರಿ ಕಾಲೇಜಿಗೆ ಸೇರಬೇಕು. ಜಾಗೀರು ಹೋದ ಮೇಲೆ ಆ ಮನೆಯಲ್ಲಿ ಮಾರುವಂಥದ್ದು ಉಳಿದಿದ್ದು ಮೋಟಾರು ಒಂದೇ. ಭಾಲ್ಕಿಯ ಅಡತಿ ವ್ಯಾಪಾರಿ ಶಿವರಾಜಪ್ಪ ಮೂರು ಸಲ ಬಂದು ನೋಡಿ ಹೋಗಿದ್ದರು. ಬೇಕೋ ಬೇಡವೋ ಗುರುವಾರ ಹೇಳುತ್ತೇನೆ ಎಂದಿದ್ದರು. ಅಷ್ಟರೊಳಗೆ ಗಾಡಿ ಸಿಗದಿದ್ದರೆ ಹುಡುಗಿಯ ಓದು ನಿಂತ ಹಾಗೆಯೇ.

“ಶಿವರಾಜಪ್ಪ ಗಾಡಿ ಓಡಿಸಿ ನೋಡ್ಯಾರೇನ್ರಿ?”

“ಒಮ್ಮೆ ಕೇಳಿದ್ರು. ಕೆಸರಿನ ದಾರಿಗೆ ಒಯ್ದು ನೋಡ್ತೀನಿ ಅಂದ್ರು. ರಂಗು ಹಾಳಾಗ್ತದಂತ ನಾ ಒಲ್ಲೆ ಅಂದೆ.”

ಒಂಬತ್ತೂವರೆಗೆ ಮೋಟಾರು ನಿಲ್ಲುತ್ತಿದ್ದ ಕೋಣೆಯ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಕೀಲಿ ಇರುತ್ತಿದ್ದುದು ಕರೀಮ ಸಾಬನ ಹತ್ತಿರ. ಗೋಡೆಯ ಮೊಳೆಗೆ ಏನೋ ತೂಗುತ್ತಿತ್ತು. ಮುಜೀಬೋದ್ದೀನ ಅದನ್ನು ಇಳಿಸಿದ, ಝಲ್ ಎಂದಿತು. ಹಿತ್ತಾಳೆ ಗೆಜ್ಜೆ ಪೋಣಿಸಿದ ತೊಗಲಿನ ಪಟ್ಟಿ, ಎತ್ತಿನ ಕೊರಳಿನದು.

“ಇದು ನಮ್ಮದಲ್ಲ,” ಎಂದರು ಬೇಗಂ ಬಾಗಿಲ ಮರೆಯಿಂದ.

“ಕಳ್ಳ ಎತ್ತಿನ ಮ್ಯಾಲ ಕುಂತು ಬಂದಿದ್ದನೇನ್ರಿ ಸಾಹೇಬರ?” ಎಂದ ಮುಜೀಬೋದ್ದೀನ.

ವೈಜಿನಾಥ ನಗಲಿಲ್ಲ. ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದರು. ಎತ್ತಿನ ಬೆವರಿನ ವಾಸನೆ ಇನ್ನೂ ಇತ್ತು. ಅವರು ಭಾಲ್ಕಿ ತಾಲೂಕಿನ ಸಾಯಗಾಂವದ ಒಕ್ಕಲು ಮನೆಯವರು. ಅವರ ಅಜ್ಜ ಎತ್ತು ಕೊಳ್ಳುವ ಮುಂಚೆ ಅದನ್ನು ತಮ್ಮ ಹೊಲಕ್ಕೆ ತಂದು, ಎರೆಮಣ್ಣಿನಲ್ಲಿ ಒಂದು ದಿನ ದುಡಿಸಿ ನೋಡುತ್ತಿದ್ದರು. ಒಯ್ಯುವಾಗ ಮಾರುವವನ ಕೊಟ್ಟಿಗೆಯಲ್ಲಿ ತಮ್ಮ ಎತ್ತಿನ ಗೆಜ್ಜೆಸರ ತೂಗುಹಾಕಿ ಬರುತ್ತಿದ್ದರು. ಎತ್ತು ಮರಳಿ ಬರುತ್ತದೆ ಎನ್ನುವುದಕ್ಕೆ ಅದೇ ಜಾಮೀನು.

“ಮುಜೀಬ, ಜೀಪು ತೆಗಿ. ಭಾಲ್ಕಿಗೆ ಹೋಗೂಣು. ಇದು ಕಳ್ಳರ ಕೆಲಸಲ್ಲ, ಕೊಳ್ಳೋರ ಕೆಲಸ.”

ಮಧ್ಯಾಹ್ನ ಹನ್ನೆರಡಕ್ಕೆ ಶಿವರಾಜಪ್ಪ ತಮ್ಮ ಅಡತಿ ಅಂಗಡಿಯಲ್ಲಿ ತೊಗರಿಯ ಚೀಲಗಳ ನಡುವೆ ಸಿಕ್ಕರು. ಗಾದಿಯ ಮೇಲೆ ಮೋಟಾರುಗಳ ಬಣ್ಣದ ಚಿತ್ರವಿದ್ದ ಪುಸ್ತಕ ಬಿಚ್ಚಿತ್ತು.

“ಮೋಟಾರ ತಗೋಬೇಕಂತ ಮಾಡೀರಿ?”

“ಮಾಡೀನಿ. ಬಿಟ್ಟೀನಿ. ಮತ್ತ ಮಾಡೀನಿ. ಮೂರು ತಿಂಗಳಿಂದ ಇದೇ ಹಾಡು ನೋಡ್ರಿ. ಮುಂಬೈ ಏಜೆಂಟ ವಿಲಾಯತಿನಿಂದ ಹೊಸದೇ ತರಿಸಿಕೊಡ್ತೀನಿ ಅಂತಾನ. ಪರ್ಮಿಟ್ಟು, ಹಡಗು, ಸುಂಕ ಅಂತ ಅದು ಬರೋದರಾಗ ನನ್ನ ಮೀಸಿ ಬೆಳ್ಳಗಾಗ್ತದ. ಬೇಗಂ ಅವರ ಗಾಡಿ ಕಣ್ಣ ಮುಂದೇ ಅದ. ಆದ್ರ ಒಂದು ನಟ್ಟು ಕಳದ್ರ ಮತ್ತ ಹಡಗೇ ಕಾಯಬೇಕು. ಹೊಟ್ಟಿ ನೆಲಕ್ಕ ಹತ್ತೇದ. ಸೀಟು ಎರಡೇ, ಮನ್ಯಾಗ ನಾವು ಒಂಬತ್ತು ಮಂದಿ.”

“ಮತ್ತ ಯಾಕ ಬೇಕ್ರಿ?”

ಶಿವರಾಜಪ್ಪ ಮದುವೆಯ ಗಂಡಿನ ಹಾಗೆ ನಾಚಿದರು. “ಕೆಂಪಗ ಅದ ನೋಡ್ರಿ ಸಾಹೇಬರ.”

“ಮನ್ಯಾಗ ಏನಂತಾರ?”

“ನಮ್ಮವ್ವ ಗುಂಡಮ್ಮ ಒಂದೇ ಮಾತು ಕೇಳಿದ್ಲು, ‘ಕೆಸರಾಗ ನಡಸಿ ನೋಡಿದ್ಯಾ?’ ಅಂತ. ಕೇಳಿ ನೋಡಿದೆ, ಬೇಗಂ ಅವರು ಒಲ್ಲೆ ಅಂದ್ರು. ಅದು ಎತ್ತಲ್ಲವ್ವಾ, ವಿಲಾಯತಿ ಮೋಟಾರ ಅಂದೆ. ಎದ್ದು ಹೋದ್ಲು.”

ವೈಜಿನಾಥ ಗೆಜ್ಜೆಸರವನ್ನು ಚಿತ್ರದ ಪುಸ್ತಕದ ಮೇಲೆ ಇಟ್ಟರು. ಶಿವರಾಜಪ್ಪ ಅದನ್ನು ತಿರುಗಿಸಿ ನೋಡಿ ಎದ್ದರು. ಕೊಟ್ಟಿಗೆಗೆ ಹೋಗಿ ನೋಡಿದರೆ ಜೋಡೆತ್ತಿನಲ್ಲಿ ಒಂದರ ಕೊರಳು ಬರಿದಾಗಿತ್ತು.

“ನಿಮ್ಮವ್ವ ಎಲ್ಲಿ?”

“ನಿನ್ನಿ ರೈಲಿಗೆ ಬೀದರಕ್ಕ ಹೋದ್ಲು. ಇವತ್ತು ಅಲ್ಲಿಂದ ಔರಾದಕ್ಕ, ನನ್ನ ತಂಗಿ ಮನಿಗೆ.”

“ಔರಾದಕ್ಕ ರೈಲಿಲ್ಲ. ಯಾತರಾಗ ಹೋಗ್ತಾರ?”

ಶಿವರಾಜಪ್ಪ ಮೇವಿನ ಹೊರೆಯ ಮೇಲೆ ಕುಳಿತುಬಿಟ್ಟರು.

ಸಂಜೆ ನಾಲ್ಕರ ಹೊತ್ತಿಗೆ, ಔರಾದಿನ ದೊಡ್ಡ ರಸ್ತೆಯಿಂದ ಹೊಲದ ಮನೆಗೆ ತಿರುಗುವ ಹಾದಿಯಲ್ಲಿ ಕೆಂಪು ಮೋಟಾರು ಸಿಕ್ಕಿತು. ಅರ್ಧ ಗಾಲಿ ಎರೆಮಣ್ಣಿನೊಳಗೆ ಹೋಗಿತ್ತು. ಮೂತಿಗೆ ಮೂರು ಬೆರಳಿನ ವಿಭೂತಿ. ಬರಿಗಾಲಿನ ಕರೀಮ ಸಾಬ ಇಬ್ಬರು ರೈತರೊಂದಿಗೆ ಗಾಡಿಗೆ ಎತ್ತು ಕಟ್ಟುತ್ತಿದ್ದ. ಸೀಟಿನಲ್ಲಿ ತಲೆತುಂಬ ಸೆರಗು ಹೊದ್ದ ಗುಂಡಮ್ಮ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು.

“ಕಳವಿನ ಗಾಡ್ಯಾಗ ಕುಂತು ರೊಟ್ಟಿ ತಿಂತೀರೇನ್ರಿ ಅವ್ವಾ?” ವೈಜಿನಾಥ ಕೇಳಿದರು.

“ಹಸಿವಾಗಿತ್ತಪ್ಪ. ಬಾ, ನೀನೂ ತಿನ್ನು. ಕಳವು ಯಾರ ಮಾಡ್ಯಾರ? ಗೆಜ್ಜಿಸರ ಇಟ್ಟು ಬಂದೀನಲ್ಲ!”

“ಬೇಗಂ ಅವರ ಮನ್ಯಾಗ ಎತ್ತಿಲ್ಲ, ಹೊಲ ಹೂಡಿದವರಿಲ್ಲ. ಗೆಜ್ಜಿಸರ ಕಂಡ್ರ ಅವರಿಗೆ ಏನು ತಿಳೀಬೇಕು?”

ಗುಂಡಮ್ಮನವರ ಕೈಯಲ್ಲಿನ ತುತ್ತು ಹಾಗೇ ನಿಂತಿತು. ಈ ಮಾತು ಅವರಿಗೆ ಹೊಳೆದೇ ಇರಲಿಲ್ಲ. “ಅಯ್ಯ, ಆ ಹೆಣ್ಣಮಗಳು ಗಾಬರಿ ಆಗಿರ್ಬೇಕಲ್ಲೋ,” ಎಂದರು.

“ನೀ ಯಾಕ ಹೇಳಲಿಲ್ಲ?” ಇನ್ಸ್‌ಪೆಕ್ಟರ್ ಕರೀಮ ಸಾಬನ ಕಡೆ ತಿರುಗಿದರು.

“ನಿನ್ನಿ ಸಂಜಿಕೆ ಈ ಅವ್ವ ಬಂದು ನನಗ ಕೇಳಿದ್ರು. ಹೇಳಿದ್ರ ಬೇಗಂ ಸಾಹೇಬ ಒಲ್ಲೆ ಅಂತಿದ್ರು. ಪರೀಕ್ಷಾ ಆಗದ ಈ ಅವ್ವ ಹ್ಞೂಂ ಅನ್ನಂಗಿಲ್ಲ, ಈಕಿ ಅನ್ನದ ಸಾವಕಾರ ಕೊಳ್ಳಂಗಿಲ್ಲ. ಸುಗರಾ ಬೇಬಿ ಓದು ಹ್ಯಾಂಗ್ರಿ? ಅವರು ಏಳೂದರೊಳಗ ಹೊಂಟೀವಿ, ಮಧ್ಯಾಹ್ನಕ್ಕ ತಿರುಗಿ ಬರ್ತೀವಂತ ತಿಳಿದಿದ್ದೆ. ಇಲ್ಲಿ ಹುಗದ್ವಿ.”

“ಮಾಲಕರಿಗೆ ಕೇಳದ ಒಯ್ದದ್ದು ಕಾನೂನಿನ್ಯಾಗ ಕಳವೇ. ಇಬ್ಬರನ್ನೂ ಅರೆಸ್ಟ್ ಮಾಡಬೇಕಾಗ್ತದ, ಅವ್ವಾ.”

“ಮಾಡಪ್ಪ. ರೊಟ್ಟಿ ಮುಗೀಲಿ.”

ರೊಟ್ಟಿ ಮುಗಿಯಿತು. ಎತ್ತುಗಳು ಮೋಟಾರನ್ನು ರಸ್ತೆಗೆ ಎಳೆದವು. ಎತ್ತು ಕಟ್ಟಿದ ರೈತರೇ ಪಂಚರಾಗಿ ಹೆಬ್ಬೆಟ್ಟು ಒತ್ತಿದರು. 4-40ಕ್ಕೆ ಬಂಧನ ಎಂದು ಮುಜೀಬೋದ್ದೀನ ಬರೆದುಕೊಂಡ. ಜೀಪು ಹತ್ತುವ ಮುಂಚೆ ಗುಂಡಮ್ಮ ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡಿದರು.

“ಇದು ಹುಗೀತದೇನೋ?”

“ಇಲ್ರಿ ಅವ್ವಾ.”

“ಮಾರ್ತೀರೇನು?”

“ಇದು ಸರ್ಕಾರದ್ದು!” ಮುಜೀಬೋದ್ದೀನ ನಕ್ಕ.

“ಯಾಕ, ಸರ್ಕಾರ ಏನೂ ಮಾರಂಗಿಲ್ಲೇನು?”

ದಾರಿಯಲ್ಲಿ ವೈಜಿನಾಥ ಕೇಳಿದರು, “ಅಲ್ಲವ್ವಾ, ಕೆಸರು ಬೀದರದಾಗೂ ಅದ. ಪರೀಕ್ಷಾಕ್ಕ ಔರಾದೇ ಯಾಕ?”

ಗುಂಡಮ್ಮ ಬುತ್ತಿಯ ಗಂಟು ಬಿಗಿದರು.

“ಹೋದ ವರ್ಷ ಮಳಿಗಾಲದಾಗ ನನ್ನ ಮಗಳಿಗೆ ಬ್ಯಾನಿ ಬಂತು. ನಸುಕಿನ್ಯಾಗ ಬಂಡಿ ಹೂಡಿದ್ರು. ಬೀದರ ದವಾಖಾನಿ ಮುಟ್ಟೋದರಾಗ ಹೊತ್ತು ಮುಳುಗಿತ್ತು. ಕೂಸು ಉಳೀಲಿಲ್ಲ. ಈಗ ಮತ್ತ ಏಳು ತಿಂಗಳ ಬಸುರಿ ಅದಾಳ. ಶಿವರಾಜ ಮೋಟಾರ ಕೆಂಪಗ ಅದ ಅಂತಾನ. ನಾ ಸೀಟು ನೋಡಿದೆ. ಎರಡು ಸಾಕು. ಒಂದರಾಗ ಕರೀಮ, ಒಂದರಾಗ ನನ್ನ ಮಗಳು.”

“ಆದ್ರ ಹುಗೀತಲ್ರಿ?”

“ಹುಗದದ್ದು ಕಡೀ ತುಣುಕಿನ್ಯಾಗ. ಅಷ್ಟು ಎತ್ತು ಜಗ್ತಾವ. ದೊಡ್ಡ ರಸ್ತಾದ ಮ್ಯಾಲ ಗಾಳಿ ಬಂದಂಗ ಬಂತಪ್ಪ.”

ಬುಧವಾರ ಆರೋಪಿಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ಇಬ್ಬರಿಗೂ ಶಿವರಾಜಪ್ಪನವರೇ ಜಾಮೀನು ನಿಂತರು. ಕಚೇರಿಯ ಹೊರಗೆ ಪರದೆಯ ಟಾಂಗಾ ನಿಂತಿತ್ತು. ಗುಂಡಮ್ಮ ಯಾರನ್ನೂ ಕೇಳದೆ ಅದರೊಳಗೆ ಹತ್ತಿದರು. ಒಳಗೆ ಮೊದಲು ಬೇಗಂ ಅವರ ಏರಿದ ದನಿ, ಆಮೇಲೆ ಪಿಸುಮಾತು. ಕೊನೆಗೆ ಗುಂಡಮ್ಮನವರ ಮಾತು ಎಲ್ಲರಿಗೂ ಕೇಳಿಸಿತು: “ಡಾಕ್ಟರ ಆಗ್ತಿ ಏನ ತಂಗಿ? ಹೆರಿಗಿ ಮಾಡ್ಸೋದು ಮೊದಲ ಕಲಿ!”

ಬೇಗಂ ರಾಜಿಗೆ ಒಪ್ಪಿದರು, ನ್ಯಾಯಾಲಯ ಅನುಮತಿ ಕೊಟ್ಟಿತು. ಗುರುವಾರ ಶಿವರಾಜಪ್ಪ ಮೋಟಾರನ್ನೂ ಕರೀಮ ಸಾಬನನ್ನೂ ಕರೆದುಕೊಂಡು ಹೋದರು. ಶುಕ್ರವಾರ ಸುಗರಾ ಹೈದರಾಬಾದಿನಲ್ಲಿದ್ದಳು. ಮುದ್ದೆಮಾಲೆಂದು ಠಾಣೆಯಲ್ಲಿ ಜಪ್ತಿಯಾಗಿದ್ದ ಗೆಜ್ಜೆಸರವನ್ನು ರಸೀದಿ ಬರೆಸಿಕೊಂಡು ಗುಂಡಮ್ಮನವರಿಗೆ ಮರಳಿಸಲಾಯಿತು. ಕೊನೆಯ ವರದಿಯಲ್ಲಿ ಕೃತ್ಯದ ಕಾರಣ ಬರೆಯುವ ಕಡೆ ವೈಜಿನಾಥ ಒಂದೇ ಸಾಲು ಬರೆದರು: “ಮಗಳ ಊರಿನ ದಾರಿ ದೂರ.”

ನವೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಬೀದರ ಪೇಟೆಯ ಚೌಬಾರಾ ಗೋಪುರದ ಹತ್ತಿರ ನಿಂತಿದ್ದ ಮುಜೀಬೋದ್ದೀನನಿಗೆ ಔರಾದಿನ ಕಡೆಯಿಂದ ಗೆಜ್ಜೆಯ ಸದ್ದು ಕೇಳಿಸಿತು. ಅವನು ಎರಡೂ ಕೈ ಎತ್ತಿ ಟಾಂಗಾಗಳನ್ನೆಲ್ಲ ನಿಲ್ಲಿಸಿದ. ಮೂತಿಗೆ ಗೆಜ್ಜೆಸರ ಕಟ್ಟಿದ ಕೆಂಪು ಮೋಟಾರು ದವಾಖಾನೆಯ ಕಡೆ ತಿರುಗಿತು. ಎರಡೂ ಸೀಟು ತುಂಬಿದ್ದವು.