ಫಾರಂನ ಐದನೇ ಪ್ರಶ್ನೆ

“ಅಕ್ಷರ ಬರ್ತಿಲ್ಲ,” ಅಂದಳು ತೇಯಾ.

ಲೈಬ್ರರಿಯ ಪರದೆಯ ಮೇಲೆ ಎರಡು ನೀರುನಾಯಿಗಳು ಹಿಮದ ದಿಬ್ಬದಿಂದ ಹೊಟ್ಟೆಯ ಮೇಲೆ ಜಾರುತ್ತಿದ್ದವು. ಐದನೇ ಕ್ಲಾಸಿನ ಮಕ್ಕಳೆಲ್ಲ ಕಾರ್ಪೆಟ್ ಮೇಲೆ ಕಾಲು ಮಡಿಸಿ ಕೂತಿದ್ದರು. ಲೈಬ್ರರಿಯ ಮಿಸೆಸ್ ಹಾಲ್ವರ್ಸನ್ ಕನ್ನಡಕ ಮೇಲೆ ಮಾಡಿಕೊಂಡು ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿದರು.

“ತಡಿಯಮ್ಮ, ಇಲ್ಲೇ ಎಲ್ಲೋ ಇರುತ್ತೆ.”

ತೇಯಾಳ ಎರಡೂ ಕಿವಿಗೆ ಕೇಳಿಸುವ ಮಿಷನ್ ಇದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಆದರೆ ಸ್ಪೀಕರಿನಿಂದ ಬರುವ ಮಾತು ಅವಳಿಗೆ ಬರೀ ಗೊರಗೊರ ಸದ್ದು. ಇಂಥ ಪಾಠದ ಸಿನಿಮಾಗಳಲ್ಲಿ ಹೇಳುವವನ ಮುಖವೂ ಕಾಣುವುದಿಲ್ಲ. ಪರದೆಯ ಕೆಳಗೆ ಆ ಮಾತು ಅಕ್ಷರವಾಗಿ ಮೂಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

“ಶುರು ಮಾಡಿ ಮಿಸೆಸ್, ಬೆಲ್ ಹೊಡೆದುಬಿಡುತ್ತೆ,” ಎಂದು ಹಿಂದಿನಿಂದ ಡ್ಯಾರಿನ್ ಗೊಣಗಿದ.

ತೇಯಾಳ ಪಕ್ಕದಲ್ಲಿ ಬ್ರೆನ್ನಾ ಕೂತಿದ್ದಳು. ಅಕ್ಷರ ಬರಲಿ, ಹೇಗಾದರೂ ಬರಲಿ ಎಂದು ಅವಳು ಪರದೆಯ ಕೆಳಗಿನ ತುದಿಯನ್ನೇ ನೋಡುತ್ತಿದ್ದಳು.

ಮಿಸೆಸ್ ಹಾಲ್ವರ್ಸನ್ ರಿಮೋಟ್ ಕೆಳಗಿಟ್ಟು ಮೇಜಿನ ಮೇಲಿದ್ದ ಫೈಲ್ ತೆರೆದರು. ಒಂದು ಹಾಳೆ ಎಳೆದರು, ಓದಿದರು, ಬ್ರೆನ್ನಾಳ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆ ಹಾಳೆಯ ಕತೆ ಹೀಗಿದೆ. ಈ ಶಾಲೆಯ ಲೈಬ್ರರಿಗೆ ವರ್ಷಕ್ಕೆ ಒಂದೇ ಹೊಸ ಡಿವಿಡಿ. ಅದಕ್ಕೇ ಮಿಸೆಸ್ ಹಾಲ್ವರ್ಸನ್ ಕಣ್ಣು ಮುಚ್ಚಿಕೊಂಡು ಕೊಳ್ಳುವವರಲ್ಲ. ಕಂಪನಿಗಳಿಗೆ ಬರೆದು ಮೂರ್ನಾಲ್ಕು ಡಿವಿಡಿ ತರಿಸುತ್ತಾರೆ. ಮೂವತ್ತು ದಿನ ಇಟ್ಟುಕೊಂಡು ನೋಡಬಹುದು, ಬೇಡವಾದದ್ದನ್ನು ವಾಪಸ್ ಕಳಿಸಬಹುದು. ನೋಡಿ ಪರೀಕ್ಷಿಸುವುದು ಐದನೇ ಕ್ಲಾಸಿನ ಮಕ್ಕಳ ಕೆಲಸ. ಒಂದೊಂದು ಡಿವಿಡಿಗೆ ಒಬ್ಬೊಬ್ಬರು, ಒಂದೊಂದು ಫಾರಂ. ಫಾರಂ ನೋಡಿ ಆಮೇಲೆ ಕ್ಲಾಸಿನವರೆಲ್ಲ ವೋಟ್ ಹಾಕುತ್ತಾರೆ, ಗೆದ್ದದ್ದು ಲೈಬ್ರರಿಗೆ.

ಈ ವರ್ಷ ಮಿಸೆಸ್ ಮೊದಲೇ ಹೇಳಿದ್ದರು: “ನಮ್ಮ ಕಪಾಟಿನಲ್ಲಿ ತೇಯಾ ಓದೋಕಾಗೋ ಡಿವಿಡಿ ಎರಡೇ ಎರಡು ಇರೋದು. ಎರಡೂ ಹಲ್ಲುಜ್ಜೋದರ ಮೇಲೆ. ಈ ಸಲ ಐದನೇ ಪ್ರಶ್ನೆ, ಅಕ್ಷರ ಬರುತ್ತಾ ಅನ್ನೋದು, ಸರಿಯಾಗಿ ನೋಡಿ. ಸೌಂಡ್ ಪೂರ್ತಿ ಆಫ್ ಮಾಡಿ, ಅಕ್ಷರ ಆನ್ ಮಾಡಿ, ಮೊದಲಿಂದ ಕೊನೆ ತನಕ ಕೂತು ನೋಡಬೇಕು. ಆಮೇಲೇ ಟಿಕ್ ಹಾಕೋದು.”

ಕೊನೆಗೆ ವೋಟಿಗೆ ಎರಡು ಡಿವಿಡಿ ಉಳಿದವು. ಒಂದು ಸೇತುವೆಗಳದ್ದು, ಅದರಲ್ಲಿ ಅಕ್ಷರ ಬರುತ್ತದೆ ಎಂದು ಬೇರೆಯವರು ನೋಡಿ ಟಿಕ್ ಹಾಕಿದ್ದರು. ಇನ್ನೊಂದು ನೀರುನಾಯಿಗಳದ್ದು, ಬ್ರೆನ್ನಾಳ ಪಾಲಿನದು. ಅವಳು ಅದನ್ನು ಸೌಂಡ್ ಇಟ್ಟುಕೊಂಡೇ ನೋಡಿದಳು. ನೀರುನಾಯಿಗಳು ಬೆನ್ನ ಮೇಲೆ ತೇಲುತ್ತ ಕೈ ಕೈ ಹಿಡಿದು ನಿದ್ದೆ ಮಾಡುವುದನ್ನು ನೋಡಿ ಮರುಳಾಗಿಬಿಟ್ಟಳು. ಐದನೇ ಪ್ರಶ್ನೆ ಬಂದಾಗ ಪೆನ್ಸಿಲ್ ನಿಂತಿತು.

ಸೌಂಡ್ ಆಫ್ ಮಾಡಿ ನೋಡಿದರೆ ಅಕ್ಷರ ಇಲ್ಲ ಅಂತ ಗೊತ್ತಾಗಿಬಿಟ್ಟರೆ? ನೀರುನಾಯಿ ವಾಪಸ್ ಹೋಗುತ್ತದೆ. ಸೇತುವೆ ಬಂದು ಕೂರುತ್ತದೆ. ಸೇತುವೆ ಯಾರಿಗೆ ಬೇಕು?

ಡಬ್ಬಿಯ ಹಿಂದೆ ಅಕ್ಷರ ಬರುತ್ತದೆ ಅನ್ನುವ ಗುರುತು ಇತ್ತು. ಅದನ್ನು ನೋಡಿ ಟಿಕ್ ಹಾಕಿದಳು. ನೋಡುವುದಕ್ಕೆ ಟೈಮ್ ಇರಲಿಲ್ಲ ಎಂದಲ್ಲ. ನೋಡುವುದಕ್ಕೆ ಅವಳಿಗೆ ಭಯವಿತ್ತು.

ಅಕ್ಷರ ಬಾರದಿದ್ದರೂ ಅಂದು ಕ್ಲಾಸಿನವರು ಸಿನಿಮಾ ಪೂರ್ತಿ ನೋಡಿದರು. ಮಿಸೆಸ್ ಪರದೆಯ ಪಕ್ಕ ನಿಂತು ತೇಯಾಳಿಗೆ ಕಾಣುವ ಹಾಗೆ ತಾವೇ ಹೇಳಲು ನೋಡಿದರು. ಹತ್ತು ನಿಮಿಷಕ್ಕೆ ಅವರ ಉಸಿರೇ ಸಾಲದಾಯಿತು. ಸಾಲದ್ದಕ್ಕೆ ಯಾರೋ “ಮಿಸೆಸ್, ಅಡ್ಡ ಬರ್ತಿದೀರಿ” ಅಂದರು. ತೇಯಾ, “ಪರವಾಗಿಲ್ಲ, ಬಿಡಿ ಮಿಸೆಸ್,” ಅಂದಳು. ಆಮೇಲೆ ಸಿನಿಮಾದ ಬಗ್ಗೆ ಪ್ರಶ್ನೆಗಳಿದ್ದ ಹಾಳೆ ಕೊಟ್ಟಾಗ ಅವಳು ಅದರ ಮೇಲೆ ತನ್ನ ಹೆಸರು ಬರೆದು, ಒಂದು ನೀರುನಾಯಿಯ ಚಿತ್ರ ಬರೆದು, ಉಳಿದದ್ದನ್ನು ಖಾಲಿ ಬಿಟ್ಟಳು. ಬ್ರೆನ್ನಾ ತನ್ನ ಹಾಳೆಯನ್ನು ಅವಳ ಕಡೆ ಸರಿಸಿದಳು. ತೇಯಾ ಅದನ್ನು ವಾಪಸ್ ಸರಿಸಿದಳು.

ಎಲ್ಲರೂ ಹೋದ ಮೇಲೆ ಬ್ರೆನ್ನಾ ಮೇಜಿನ ಹತ್ತಿರ ನಿಂತಳು.

“ಡಬ್ಬಿ ಮೇಲೆ ಗುರುತು ಇತ್ತು ಮಿಸೆಸ್.”

“ಇದೆ, ನೋಡಿದೆ. ಹಳೇ ವಿಡಿಯೋ ಟೇಪಿನ ಡಬ್ಬಿ ಚಿತ್ರಾನೇ ಡಿವಿಡಿಗೂ ಹಾಕಿಬಿಟ್ಟಿದ್ದಾರೆ. ನೀವು ಬರೀತಿದ್ದಾಗ ಕಂಪನಿಗೆ ಫೋನ್ ಮಾಡಿ ಕೇಳಿದೆ. ಡಬ್ಬಿ ಸುಳ್ಳು ಹೇಳುತ್ತೆ ಅಂತಾನೇ ಅಲ್ವಾ ನಾವು ಕೂತು ನೋಡೋದು? ನೀನು ನೋಡಿದ್ಯಾ?”

ಬ್ರೆನ್ನಾ ತಲೆ ತಗ್ಗಿಸಿದಳು. “ಇಲ್ಲ.”

“ಹಾಗಾದ್ರೆ ಟಿಕ್?”

“ನೋಡಿ, ಇಲ್ಲ ಅಂತಾದ್ರೆ ನೀವು ವಾಪಸ್ ಕಳಿಸ್ತೀರ ಅಂತ...”

ಮಿಸೆಸ್ ಹಾಲ್ವರ್ಸನ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ತುಂಬ ಸುಸ್ತಾದವರ ಹಾಗೆ ಕಂಡರು.

“ಈಗ ವಾಪಸ್ ಕಳಿಸಬಹುದಾ?” ಬ್ರೆನ್ನಾ ಕೇಳಿದಳು.

“ಮೂವತ್ತು ದಿನ ಆಗಿಹೋಯ್ತು. ಲೈಬ್ರರಿ ಸೀಲೂ ಹಾಕಿಯಾಯ್ತು. ಇನ್ನು ಮುಂದಿನ ವರ್ಷವೇ.”

“ಮುಂದಿನ ವರ್ಷ ನಾವು ದೊಡ್ಡ ಸ್ಕೂಲಿಗೆ ಹೋಗಿರ್ತೀವಲ್ಲ ಮಿಸೆಸ್. ತೇಯಾನೂ.”

“ಗೊತ್ತು,” ಅಂದರು ಅವರು. “ಹೋಗು, ಬಸ್ ಬರೋ ಹೊತ್ತಾಯ್ತು.”

ಹೊರಗೆ ಮೋಡ ಕವಿದು ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ವಿಸ್ಕಾನ್ಸಿನ್ನಿನ ನವೆಂಬರ್ ಗಾಳಿ ಮೂಳೆಯ ತನಕ ಹೋಗುತ್ತದೆ. ತೇಯಾ ಬಸ್ಸಿನ ಸಾಲಿನಲ್ಲಿ ಒಬ್ಬಳೇ ನಿಂತಿದ್ದಳು. ಬ್ರೆನ್ನಾ ಮೂಗಿನ ತನಕ ಸ್ಕಾರ್ಫ್ ಸುತ್ತಿಕೊಂಡು ಅವಳ ಹತ್ತಿರ ಹೋಗಿ, ಇದ್ದದ್ದನ್ನೆಲ್ಲ ಗಡಗಡ ಹೇಳಿಬಿಟ್ಟಳು.

“ಸ್ಕಾರ್ಫ್ ತೆಗಿಯೇ,” ಅಂದಳು ತೇಯಾ. “ಬಾಯಿ ಕಾಣ್ತಿಲ್ಲ.”

ಬ್ರೆನ್ನಾ ಸ್ಕಾರ್ಫ್ ಕೆಳಗೆ ಎಳೆದಳು. ಮುಖಕ್ಕೆ ಗಾಳಿ ರಪ್ಪೆಂದು ಬಡಿಯಿತು. ಈಗ ಎಲ್ಲವನ್ನೂ ಎರಡನೇ ಸಲ ಹೇಳಬೇಕಾಯಿತು, ಅದೂ ನಿಧಾನವಾಗಿ, ತೇಯಾಳ ಮುಖಕ್ಕೆ ಮುಖ ಕೊಟ್ಟು. ಮೊದಲ ಸಲಕ್ಕಿಂತ ಇದು ನೂರು ಪಾಲು ಕಷ್ಟವಾಗಿತ್ತು.

“ನಾನು ನೋಡಲಿಲ್ಲ ಕಣೇ. ನೋಡದೇನೇ ಟಿಕ್ ಹಾಕಿದೆ. ನನಗೆ ನೀರುನಾಯಿ ಬೇಕಿತ್ತು.”

ತೇಯಾ ಅವಳ ತುಟಿಯನ್ನೇ ನೋಡುತ್ತಿದ್ದಳು.

“ಸೇತುವೆ ಡಿವಿಡಿಯಲ್ಲಿ ಅಕ್ಷರ ಇತ್ತು, ಅಲ್ವಾ?”

“ಹೂಂ.”

“ನಾನೂ ನೀರುನಾಯಿಗೇ ವೋಟ್ ಹಾಕಿದ್ದು,” ಅಂದಳು ತೇಯಾ. “ಟಿಕ್ ಹಾಕಿದ್ದು ನೀನು ಅಂತ ಕೇಳಿ ಹಾಕಿದೆ. ನೀನಾದ್ರೆ ನೋಡಿರ್ತೀಯ ಅಂದ್ಕೊಂಡೆ.”

“ಸಾರಿ ಕಣೇ.”

“ಸರಿ,” ಅಂದಳು ತೇಯಾ.

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಜಗಳವಾಡಿದ್ದರೆ ನಾಳೆ ರಾಜಿಯಾಗಬಹುದಿತ್ತು.

ಬಸ್ ಬಂತು. ಇಬ್ಬರೂ ದಿನದ ಹಾಗೆ ನಾಲ್ಕನೇ ಸೀಟಿನಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ಡ್ಯಾರಿನ್ ಮಧ್ಯಾಹ್ನದ ಊಟದ ಮನೆಯ ಕತೆ ಹೇಳುತ್ತಿದ್ದ. “ಆ ಮೀನಿನ ತುಂಡು ಎಷ್ಟು ಗಟ್ಟಿ ಇತ್ತು ಅಂದ್ರೆ, ಅದನ್ನೇ ಚೆಂಡು ಮಾಡ್ಕೊಂಡು ಐಸ್ ಮೇಲೆ ಹಾಕಿ ಮ್ಯಾಚ್ ಆಡಬಹುದಿತ್ತು. ನಮ್ಮಣ್ಣ ಗೋಲೂ ಹೊಡೀತಿದ್ದ.” ಬಸ್ಸಿಗೆ ಬಸ್ಸೇ ನಕ್ಕಿತು. ಬ್ರೆನ್ನಾಳಿಗೂ ನಗು ಬಂತು.

ನಗುತ್ತಲೇ ಅವಳು ತೇಯಾಳ ಕಡೆ ತಿರುಗಿದಳು. ಇಂಥ ಹೊತ್ತಿನಲ್ಲಿ ತೇಯಾ ತೋಳು ಜಗ್ಗಿ, “ಏನಂದ? ಏನಂದ?” ಎಂದು ಕೇಳುತ್ತಿದ್ದಳು. ದಿನಾ ಕೇಳುತ್ತಿದ್ದಳು. ಬ್ರೆನ್ನಾ ದಿನಾ ಒಂದೇ ಉತ್ತರ ಕೊಡುತ್ತಿದ್ದಳು: “ಏನಿಲ್ಲ ಬಿಡೇ.” ಮೊದಲಿಂದ ಹೇಳಬೇಕಲ್ಲ ಎಂಬ ಸೋಮಾರಿತನ, ಇನ್ನೇನಿಲ್ಲ. ಒಂದನೇ ಕ್ಲಾಸಿನಿಂದ ಇಲ್ಲಿಯ ತನಕ ಎಷ್ಟು ಸಲ ಹಾಗೆಂದೆನೋ ಎಂದು ಯೋಚಿಸಿದಾಗ ಅವಳ ನಗು ಅಲ್ಲೇ ನಿಂತುಹೋಯಿತು.

ಇವತ್ತು ಕೇಳಿದರೆ ಎಲ್ಲ ಹೇಳಬೇಕು. ಮೀನಿನ ತುಂಡು, ಡ್ಯಾರಿನ್‌ನ ಅಣ್ಣ, ಗೋಲು, ಒಂದೂ ಬಿಡದೆ. ಬ್ರೆನ್ನಾ ಬಾಯಿ ಕಾಣುವಂತೆ ಅವಳ ಕಡೆ ತಿರುಗಿ ಕೂತು ಕಾದಳು.

ತೇಯಾ ಕಿಟಕಿಯ ಮೇಲೆ ಕಟ್ಟಿದ್ದ ಮಂಜನ್ನು ಕೈಯಿಂದ ಒರೆಸಿ ಹೊರಗೆ ನೋಡುತ್ತಿದ್ದಳು. ಅವಳ ಮನೆಯ ಸ್ಟಾಪ್ ಬರುವ ತನಕವೂ ಏನೂ ಕೇಳಲಿಲ್ಲ.