ತಡವಾಗಿ ನಗುವ ಅತ್ತೆ

"ಇದನ್ನ ಬರ್ದಿದ್ದು ನೀನೇನಾ, ಕಡ್ಡಿ?"

ದೊಡ್ಡಮ್ಮ ಬ್ಯಾಗಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಅದು ಶಾಲೆಯ ಪತ್ರಿಕೆಯ ಪ್ರೂಫ್. ಮೇಲೆ ದಪ್ಪಕ್ಷರದಲ್ಲಿ 'ತಡವಾಗಿ ನಗುವ ಅತ್ತೆ' ಎಂದಿತ್ತು, ಕೆಳಗೆ ಕಡ್ಡಿಯ ಹೆಸರಿತ್ತು. ಪತ್ರಿಕೆ ಅಚ್ಚಾಗುವುದು ದೊಡ್ಡಮ್ಮ ಕೆಲಸ ಮಾಡುವ ಪ್ರೆಸ್ಸಿನಲ್ಲೇ ಎಂಬುದು ಕಡ್ಡಿಗೆ ಹೊಳೆದೇ ಇರಲಿಲ್ಲ.

ಪತ್ರಿಕೆಗೆಂದು ಕಡ್ಡಿ ಮೊದಲು ಬರೆದದ್ದು ಒಬ್ಬ ರಾಜಕುಮಾರಿಯ ಕತೆ. ಟೀಚರ್ ಅದನ್ನು ಓದಿ, "ಇವಳಿಗೆ ಹಸಿವಿಲ್ಲ, ಸಿಟ್ಟಿಲ್ಲ, ಒಂದು ಕೆಮ್ಮೂ ಇಲ್ಲ. ಇಂಥವರನ್ನ ಎಲ್ಲಾದ್ರೂ ನೋಡಿದ್ದೀಯಾ?" ಎಂದು ಕೇಳಿದ್ದರು. ನೋಡಿದವರ ಬಗ್ಗೆ ಬರೆ, ಆಗ ಪಾತ್ರಕ್ಕೆ ಜೀವ ಬರುತ್ತದೆ ಎಂದಿದ್ದರು.

ಅದಕ್ಕೆ ಕಡ್ಡಿ ದೂರವೇನೂ ಹೋಗಲಿಲ್ಲ. ಮನೆಯಲ್ಲೇ ದೊಡ್ಡಮ್ಮ ಇದ್ದಳಲ್ಲ! ಇಪ್ಪತ್ತು ವರ್ಷ ಮೆಷಿನ್ನುಗಳ ಗದ್ದಲದಲ್ಲಿ ನಿಂತು ಅವಳ ಕಿವಿ ಮಂದವಾಗಿತ್ತು. ಎದುರು ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಎಲ್ಲರೂ ಕೂಡಿ ಹರಟೆ ಹೊಡೆಯುವಾಗ ಮಾತ್ರ ಅವಳಿಗೆ ಒಂದೂ ತಿಳಿಯುತ್ತಿರಲಿಲ್ಲ. ಆದರೂ ಮಿಕ್ಕವರು ನಕ್ಕು ಮುಗಿಸುವ ಹೊತ್ತಿಗೆ ಅವಳೂ ಜೋರಾಗಿ ನಗುತ್ತಿದ್ದಳು.

ಕತೆಯಲ್ಲಿ ಕಡ್ಡಿ ದೊಡ್ಡಮ್ಮನನ್ನು ಅತ್ತೆ ಮಾಡಿದಳು, ಪ್ರೆಸ್ಸನ್ನು ಬೇಕರಿ ಮಾಡಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಳು. 'ಸಾವಿನ ಸುದ್ದಿ ಹೇಳಿದರೂ ಅತ್ತೆ ಹಿಹಿಹಿ' ಎಂಬ ಸಾಲಿಗೆ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಹಾಗೆ ಯಾವತ್ತೂ ನಡೆದಿರಲಿಲ್ಲ. ನಗಿಸುವುದಕ್ಕೆಂದೇ ಕಡ್ಡಿ ಅದನ್ನು ಸೇರಿಸಿದ್ದಳು.

"ಎರಡು ತಪ್ಪಿದೆ ಇದ್ರಲ್ಲಿ," ಎಂದಳು ದೊಡ್ಡಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. "ಅತ್ತೆ ಬೆರಳನ್ನ ಹಾಳೆ ಕುಯ್ದಿದೆ ಅಂತ ಬರ್ದಿದ್ದೀಯ. ಬೇಕರೀಲಿ ಕೈ ಸುಡುತ್ತೆ ಕಣೆ. ಹಾಳೆ ಕುಯ್ಯೋದು ಪ್ರೆಸ್ಸಲ್ಲಿರೋ ನನ್ನಂಥೋರ ಬೆರಳನ್ನ."

ದೊಡ್ಡಮ್ಮನ ಎರಡು ಬೆರಳಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿತ್ತು. ಕಡ್ಡಿ ತಲೆ ತಗ್ಗಿಸಿದಳು.

"ಅದು ನೀನಲ್ಲ ದೊಡ್ಡಮ್ಮ. ಸುಮ್ನೆ ಕತೆ," ಎಂದು ಗೊಣಗಿದಳು.

"ತಲೆ ಎತ್ತಿ ಹೇಳು. ಮುಖ ಕಾಣ್ದಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?"

ಕಡ್ಡಿ ತಲೆ ಎತ್ತಿದಳು. ಆದರೆ ಅದೇ ಸುಳ್ಳನ್ನು ಎರಡನೇ ಸಲ ಹೇಳಲು ಬಾಯಿ ಬರಲಿಲ್ಲ.

ದೊಡ್ಡಮ್ಮ ಹಾಳೆಯ ಮೇಲೆ ಬೆರಳಿಟ್ಟಳು. "ಎರಡನೇದು ಇಲ್ಲಿ. ಕೇಳಿಸ್ತು ಅಂತ ತೋರಿಸ್ಕೊಳ್ಳೋಕೆ ನಗ್ತಾಳೆ ಅಂತಿದೆ. ನಂಗೆ ಕೇಳ್ಸಲ್ಲ ಅಂತ ಎಲ್ರಿಗೂ ಗೊತ್ತಿರೋದೇ. ಯಾರಿಗೆ ತೋರಿಸ್ಕೊಳ್ಳಲಿ? ನಾನು ನಿನ್ನ ಮುಖ ನೋಡ್ತಾ ಕೂತಿರ್ತೀನಿ. ನಗೋವಾಗ ನಿನ್ನ ಮೂಗು ಮುದುರ್ಕೊಳ್ಳುತ್ತೆ. ಅದನ್ನ ನೋಡಿ ನಂಗೆ ನಗು ಬರುತ್ತೆ. ಅದಕ್ಕೇ ಸ್ವಲ್ಪ ಲೇಟು."

ನಾಳೆ ಬೆಳಿಗ್ಗೆ ಮೆಷಿನ್ ಶುರುವಾಗುತ್ತದೆ, ತಿದ್ದುವುದಿದ್ದರೆ ಈಗಲೇ ತಿದ್ದು ಎಂದು ಅವಳು ಕೆಂಪು ಪೆನ್ನನ್ನು ಮುಂದಿಟ್ಟಳು.

ಕಡ್ಡಿ ಮೊದಲು 'ಹಿಹಿಹಿ' ಸಾಲನ್ನು ಹೊಡೆದುಹಾಕಿದಳು. ದೊಡ್ಡಮ್ಮ ಅದರ ಮಾತನ್ನೇ ಎತ್ತಿರಲಿಲ್ಲ. ಆಮೇಲೆ ಪೆನ್ನು ಮುಂದೆ ಸಾಗಲಿಲ್ಲ. ಇಷ್ಟು ದಿನ ಅವಳು ದೊಡ್ಡಮ್ಮ ನಗುವುದನ್ನು ನೋಡಿದ್ದಳು. ಆಗ ದೊಡ್ಡಮ್ಮ ಯಾರನ್ನು ನೋಡುತ್ತಾಳೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಪ್ರೆಸ್ಸಲ್ಲಿ ಯಾರಾದ್ರೂ ಓದಿದ್ರಾ?" ಎಂದು ಮುಖ ಎತ್ತಿ ಕೇಳಿದಳು.

"ಎಲ್ರೂ ಓದಿದ್ರು. ತುಂಬಾ ನಕ್ಕರು."

"ನೀನು?"

"ನಂಗೆ ನಗು ಬರ್ಲಿಲ್ಲ ಕಣೆ."

ಕಡ್ಡಿಯ ಕಣ್ಣು ತುಂಬಿ ಬಂತು. ತಲೆ ತಗ್ಗಿಸಲು ಹೊರಟವಳು ತಗ್ಗಿಸಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದರೂ ಮುಖವನ್ನು ದೊಡ್ಡಮ್ಮನ ಕಡೆಗೇ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ, "ತಪ್ಪಾಯ್ತು" ಎಂದಳು.